ಇಪ್ಪತ್ತೊಂದನೇ ಎಲೆ

ಮದುವೆ ಮನೆಯ ಪಂಕ್ತಿಯಲ್ಲಿ 20 ಎಲೆ ಹಾಕಿದ್ದಾರೆ. ಯಜಮಾನರು ಹುಡುಗನನ್ನು ಕರೆದು, "21ನೇ ಎಲೆಯಲ್ಲಿ ಏನು ಬಡಿಸಿದ್ದಾರೆ, ನೋಡ್ಕೊಂಡು ಬಾ" ಅನ್ನುತ್ತಾರೆ. ನಮ್ಮ ಹುಡುಗನಾದರೆ "ಅಲ್ಲಿ ಎಲೆಯೇ ಇಲ್ಲ ಮಾವ" ಅಂತ ವಾಪಸ್ ಬರುತ್ತಾನೆ. ಸಿ, ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳ ಮನೆತನದ ಹುಡುಗ ಹಾಗಲ್ಲ. ಎಣಿಸು ಅಂತ ನೀವು ಬಾಯಿಬಿಟ್ಟು ಹೇಳದಿದ್ದರೆ ಅವನು ಎಣಿಸುವುದಿಲ್ಲ. ಸೀದಾ ಹೋಗಿ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾನೆ.

2024ರ ಜುಲೈ 19ರಂದು ಆಗಿದ್ದು ಇಷ್ಟೇ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಫಾಲ್ಕನ್ ಎಂಬ ಸಾಫ್ಟ್‌ವೇರ್ ಕಾವಲುಗಾರ ವಿಂಡೋಸ್‌ನ ತಿರುಳಾದ ಕರ್ನೆಲ್‌ನಲ್ಲೇ, ಅಂದರೆ ದೇವರ ಕೋಣೆಯಲ್ಲೇ, ಕೂತಿರುತ್ತಾನೆ. ಹೊಸ ಅಪ್‌ಡೇಟ್ 21ನೇ ಮಾಹಿತಿ ನೋಡು ಅಂದಿತು. ಅವನ ಕೈಯಲ್ಲಿದ್ದದ್ದು 20. ಹೊರಗಿನ ಪ್ರೋಗ್ರಾಂ ಆಗಿದ್ದರೆ ಅದೊಂದೇ ಬೀಳುತ್ತಿತ್ತು. ಕರ್ನೆಲ್‌ನಲ್ಲಿ ಎಡವಿದರೆ ಇಡೀ ಛತ್ರಕ್ಕೇ ಬೀಗ. ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ಹೊದ್ದು ಮಲಗಿದವು. ಕಳ್ಳ ಆ ಕಡೆ ತಲೆ ಕೂಡ ಹಾಕಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಪರೀಕ್ಷೆ ಮಾಡಿರಲಿಲ್ವಾ? ಮಾಡಿದ್ದರು ಸ್ವಾಮಿ. ಪರೀಕ್ಷೆಯಲ್ಲಿ 21ನೇ ಎಲೆಗೆ "ಏನಿದ್ದರೂ ನಡೆಯುತ್ತೆ" ಅಂತ ಬರೆದಿದ್ದರು. ಏನಿದ್ದರೂ ನಡೆಯುವುದಾದರೆ ನೋಡಲು ಯಾರು ಹೋಗುತ್ತಾರೆ? ಪಾಸು!

ಆಮೇಲೆ ಪರಿಹಾರ. ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು, ಸೇಫ್ ಮೋಡ್‌ಗೆ ಹೋಗಿ, ಆ ಅಪ್‌ಡೇಟ್ ಫೈಲ್ ಅಳಿಸಬೇಕು. ಕ್ಲೌಡ್‌ನಲ್ಲಿರುವ ಯಂತ್ರಗಳಿಗೆ ಮೈಕ್ರೋಸಾಫ್ಟ್ ಕೊಟ್ಟ ಸಲಹೆಗಳಲ್ಲಿ ಒಂದು: ರೀಸ್ಟಾರ್ಟ್ ಮಾಡಿ ನೋಡಿ, 15 ಸಲ ಬೇಕಾದರೂ ಆಗಬಹುದು. ನಮ್ಮ ಕೇಬಲ್ ಹುಡುಗ "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್" ಅಂದಾಗ ಸುಮ್ನೆ ರೇಗಿದ್ದೆ. ಪಾಪ, ಅವನು 14 ಸಲ ಕಡಿಮೆ ಹೇಳಿದ್ದ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಪೆನ್ನಿಗೆ ಕರ್ನೆಲ್ ಇಲ್ಲ.

ರೋಗವೇನೂ ಹೊಸದಲ್ಲ. 1988ರಲ್ಲಿ ಇಂಟರ್ನೆಟ್‌ನಲ್ಲಿ ತಾನೇ ಹರಡಿದ ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ ಹೊಕ್ಕ ದಾರಿಗಳಲ್ಲೂ ಒಂದು, ಎಣಿಸದೆ ತುಂಬಿಕೊಂಡ ಬಫರ್, ಅಂದರೆ ಮಾಹಿತಿಯನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿಯ ಜಾಗ. ತಾನು ಸರಿಪಡಿಸುವ ಭದ್ರತಾ ದೋಷಗಳಲ್ಲಿ ಶೇ. 70ರಷ್ಟು ಮೆಮೊರಿಯ ಎಡವಟ್ಟುಗಳೇ ಅಂತ ಮೈಕ್ರೋಸಾಫ್ಟ್ 2019ರಲ್ಲೇ ಹೇಳಿತ್ತು. ಎಣಿಸುವುದನ್ನು ಹುಟ್ಟುಗುಣ ಮಾಡಿಕೊಂಡ ರಸ್ಟ್ ಭಾಷೆ 2022ರ ಡಿಸೆಂಬರ್‌ನಲ್ಲಿ, ವಿಂಡೋಸ್‌ನಂತೆ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನ ಕರ್ನೆಲ್‌ಗೆ ಕಾಲಿಟ್ಟಿತು. ಹೊಸ ಸೊಸೆ ಅಡುಗೆಮನೆಗೆ ಬಂದರೆ ಏನಾಗುತ್ತದೋ ಅದೇ ಆಯಿತು. ಸಿ ಭಾಷೆಯಲ್ಲೇ ಬರೆದು ರೂಢಿಯಾದ ಹಳಬರಲ್ಲಿ ಕೆಲವರಿಗೆ ಪಾತ್ರೆ ಮುಟ್ಟಿದ್ದೇ ತಪ್ಪು.

ಕ್ರೌಡ್‌ಸ್ಟ್ರೈಕ್ ಕೊನೆಗೆ ಎಲೆ ಎಣಿಸುವ ಕೋಡ್ ಸೇರಿಸಿತು. ರಾತ್ರಿಯೆಲ್ಲ ಒದ್ದಾಡಿದ ಪಾಲುದಾರರಿಗೆ ಥ್ಯಾಂಕ್ಸ್ ಹೇಳಿ 10 ಡಾಲರಿನ ಉಬರ್ ಈಟ್ಸ್ ಕೂಪನ್ ಕೂಡ ಕಳಿಸಿತು. ತುಂಬಾ ಜನ ಒಟ್ಟಿಗೆ ಬಳಸಿದರು. ಇದೇನೋ ಮೋಸ ಅಂದುಕೊಂಡು ಉಬರ್ ಅದನ್ನು ತಡೆಹಿಡಿಯಿತು. ಸದ್ಯ, ಅಲ್ಲಾದರೂ ಯಾರೋ ಎಣಿಸುತ್ತಿದ್ದರು.