‘ನೋಬಡಿ’ಯ ಜನ್ಮದಿನಾಂಕ

ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಡೆಬಿಯನ್ ಎಂಬ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿ, ಮಗಳಿಗೊಂದು ಬೇರೆ ಖಾತೆ ಇರಲೆಂದು ಟರ್ಮಿನಲ್ ತೆರೆದು ‘ಆ್ಯಡ್‌ಯೂಸರ್’ ಎಂದು ಬರೆದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಪೂರ್ಣ ಹೆಸರು ಕೇಳಿತು. ಆಮೇಲೆ ರೂಮ್ ನಂಬರ್, ಆಫೀಸಿನ ಫೋನ್, ಮನೆಯ ಫೋನ್, ಇತರೆ. ಎಲ್ಲಕ್ಕೂ ಎಂಟರ್ ಒತ್ತಿದೆ. ‘ಈ ಮಾಹಿತಿ ಸರಿಯಿದೆಯೇ?’ ಎಂದು ಕೊನೆಗೊಮ್ಮೆ ಕೇಳಿತು. ಕೊಡದೇ ಇದ್ದ ಮಾಹಿತಿ ತಪ್ಪಾಗುವುದಾದರೂ ಹೇಗೆ? ‘ವೈ’ ಎಂದೆ.

ಹನ್ನೊಂದು ವರ್ಷದ ಹುಡುಗಿಯ ಆಫೀಸ್ ಫೋನ್ ಅದಕ್ಕೇಕೆ ಬೇಕು ಎಂದು ನೀವು ಕೇಳಬಹುದು. ಬೆಲ್ ಲ್ಯಾಬ್ಸ್‌ನ ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಹಳೆಯ ಯಂತ್ರಗಳು ತಮ್ಮ ಪ್ರಿಂಟಿಂಗ್ ಕೆಲಸವನ್ನು ಜೀಕೋಸ್ ಎಂಬ ಬೇರೊಂದು ವ್ಯವಸ್ಥೆಗೆ ಕಳಿಸುತ್ತಿದ್ದವು. ಅಲ್ಲಿಗೆ ಬೇಕಾದ ಗುರುತನ್ನು ಬರೆದಿಡಲು ಪಾಸ್‌ವರ್ಡ್ ಫೈಲಿನಲ್ಲಿ ಒಂದು ಕಾಲಂ ಬಿಟ್ಟರು. ಆ ಪ್ರಿಂಟರು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು, ಕಾಲಂ ಮಾತ್ರ ಅದೇ ಹೆಸರಿನಲ್ಲಿ, ಜನರ ಹೆಸರು, ಫೋನ್ ನಂಬರುಗಳನ್ನು ತುಂಬಿಸಿಕೊಳ್ಳುತ್ತ ಇವತ್ತಿಗೂ ಕುಳಿತಿದೆ. ಕಂಪ್ಯೂಟರಿನಲ್ಲಾಗಲಿ ತಾಲ್ಲೂಕು ಕಚೇರಿಯಲ್ಲಾಗಲಿ, ಒಮ್ಮೆ ಹುಟ್ಟಿದ ಕಾಲಂಗೆ ಸಾವಿಲ್ಲ.

ಈಗ ಈ ಸಾಲಿಗೆ ಹೊಸದೊಂದು ಪ್ರಶ್ನೆ ಸೇರುವ ಯೋಗ ಬಂದಿದೆ: ಜನ್ಮದಿನಾಂಕ. ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಅವರು 2025ರ ಅಕ್ಟೋಬರ್‌ನಲ್ಲಿ ಸಹಿ ಮಾಡಿದ ಎಬಿ 1043 ಎಂಬ ಕಾನೂನು 2027ರ ಜನವರಿ 1ರಿಂದ ಜಾರಿಗೆ ಬರುತ್ತದೆ. ಸಹಿಯಾದ ಪಠ್ಯದ ಪ್ರಕಾರ, ಆಪರೇಟಿಂಗ್ ಸಿಸ್ಟಂ ಕೊಡುವವರು ಖಾತೆ ತೆರೆಯುವಾಗಲೇ ವಯಸ್ಸು ಕೇಳಿ, 13ರ ಒಳಗಿನವರು, 13ರಿಂದ 16, 16ರಿಂದ 18, 18 ದಾಟಿದವರು ಎಂದು ನಾಲ್ಕು ಪಂಕ್ತಿ ಮಾಡಿ, ಯಾವ ಆ್ಯಪ್ ಕೇಳಿದರೂ ಅದರ ಕಿವಿಯಲ್ಲಿ ಪಂಕ್ತಿಯ ಸಂಖ್ಯೆಯನ್ನು ಹೇಳಬೇಕು. ತಪ್ಪಿದರೆ, ಅಜಾಗರೂಕತೆಯಾದರೆ ಮಗುವೊಂದಕ್ಕೆ 2,500 ಡಾಲರ್, ಉದ್ದೇಶಪೂರ್ವಕವಾದರೆ 7,500 ಡಾಲರ್‌ವರೆಗೆ ದಂಡ. ಕ್ಯಾಲಿಫೋರ್ನಿಯಾದ ಪ್ರಶ್ನೆ ನಮಗೇಕೆ ಎಂದು ಸುಮ್ಮನಿರುವಂತಿಲ್ಲ. ಡೆಬಿಯನ್‌ನ ಇನ್‌ಸ್ಟಾಲರ್ ಫ್ರೀಮಾಂಟ್‌ಗೂ ಫ್ರೇಜರ್ ಟೌನಿಗೂ ಒಂದೇ.

ಹೇಳಿದ ವಯಸ್ಸು ನಿಜವೋ ಸುಳ್ಳೋ ಎಂದು ನೋಡುವವರು ಯಾರು? ಯಾರೂ ಅಲ್ಲ. ಗುರುತಿನ ಚೀಟಿ ಬೇಡ, ಕ್ಯಾಮೆರಾ ಮುಂದೆ ಮುಖ ತಿರುಗಿಸುವುದು ಬೇಡ, ಬರೆದದ್ದೇ ವಯಸ್ಸು. ಪ್ರಜೆಗಳ ಗುರುತಿನ ಚೀಟಿಗಳನ್ನು ರಾಶಿ ಹಾಕಿಕೊಳ್ಳುವ ಬೇರೆ ಕಾನೂನುಗಳನ್ನು ನೆನೆದರೆ ಇದು ದೊಡ್ಡ ಗುಣವೆಂದೇ ಒಪ್ಪುತ್ತೇನೆ. ಆದರೆ ಈ ವಿದ್ಯೆಯಲ್ಲಿ ನಮ್ಮೂರಿನ ಪ್ರಾಥಮಿಕ ಶಾಲೆ ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊಗಿಂತ ಬಹಳ ಮುಂದಿತ್ತು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಒಂದನೇ ತರಗತಿಗೆ ಸೇರಲು ಹೋದ ನನ್ನನ್ನು ಹೆಡ್‌ಮಾಸ್ತರರು ಬಾಗಿಲಲ್ಲಿ ನಿಲ್ಲಿಸಿ, ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟುವಂತೆ ಹೇಳಿದರು. ನಾನು ಮೆಲ್ಲನೆ ತಲೆ ವಾಲಿಸಿದೆ. ಅವರು ಗದ್ದ ಹಿಡಿದು ನೆಟ್ಟಗೆ ಮಾಡಿ, ‘ಈಗ ಮುಟ್ಟು’ ಎಂದರು. ಮೋಸ ತಡೆಯುವ ವ್ಯವಸ್ಥೆಯೆಂದರೆ ಅದು. ಬೆರಳು ಕಿವಿಗೆ ತಾಗಿದ ಮೇಲೆ, ಅಪ್ಪನನ್ನು ಒಂದು ಮಾತೂ ಕೇಳದೆ, ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆದುಕೊಂಡರು. ನನ್ನ ತರಗತಿಯ ಅರ್ಧಕ್ಕರ್ಧ ಮಂದಿ ಆ ದಿನವೇ ಹುಟ್ಟಿದವರು. ಯೂನಿಕ್ಸ್‌ಗೂ ಇಂಥದೊಂದು ಜೂನ್ 1 ಇದೆ: ಅದು ಕಾಲವನ್ನು ಎಣಿಸುವುದೇ 1970ರ ಜನವರಿ 1ರಿಂದ. ಬರೀ ಎಂಟರ್ ಒತ್ತುವ ನನ್ನಂಥವರೆಲ್ಲ ಇನ್ನು ಮುಂದೆ ಅಂದು ಹುಟ್ಟಿದವರೆಂದು ತಿಳಿಯತಕ್ಕದ್ದು.

ಇನ್ನು ಉತ್ತರ ಹೇಳಬೇಕಾದವರು ಯಾರು ಎಂಬುದನ್ನು ನೋಡೋಣ. ಆಪರೇಟಿಂಗ್ ಸಿಸ್ಟಂ ಅನ್ನು ಅಭಿವೃದ್ಧಿಪಡಿಸುವ, ಅದಕ್ಕೆ ಪರವಾನಗಿ ಕೊಡುವ ಅಥವಾ ಅದನ್ನು ನಿಯಂತ್ರಿಸುವ ವ್ಯಕ್ತಿ ಎನ್ನುತ್ತದೆ ಕಾನೂನು. ಆ್ಯಪಲ್‌ನವರಿಗೆ ಬಾಗಿಲಿದೆ, ಬಾಗಿಲಿಗೆ ನೋಟಿಸ್ ಅಂಟಿಸಬಹುದು. ಡೆಬಿಯನ್‌ಗೆ ಮಾಲೀಕನೇ ಇಲ್ಲ. ಜಗತ್ತಿನ ಮೂಲೆಮೂಲೆಯಲ್ಲಿರುವ ಸಾವಿರದಷ್ಟು ಸ್ವಯಂಸೇವಕರು ಸಂಬಳವಿಲ್ಲದೆ ನಡೆಸುತ್ತಿರುವ ಅನ್ನಸಂತರ್ಪಣೆ ಅದು. ಅವರು ವಯಸ್ಸಿನ ಪ್ರಶ್ನೆ ಸೇರಿಸಿದರೆನ್ನಿ, ಮರುದಿನ ಯಾರೋ ಆ ಸಾಲನ್ನು ಅಳಿಸಿ ಹೊಸ ಹೆಸರಿಟ್ಟು ಹಂಚಬಹುದು, ಪರವಾನಗಿಯೇ ಹಾಗೆ ಮಾಡಲು ಬಿಡುತ್ತದೆ. ಮಿಡ್‌ನೈಟ್‌ಬಿಎಸ್‌ಡಿ ಎಂಬ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಂನವರು ಈ ತಂಟೆಯೇ ಬೇಡವೆಂದು ಕ್ಯಾಲಿಫೋರ್ನಿಯಾದ ನಿವಾಸಿಗಳನ್ನೇ ತಮ್ಮ ಪರವಾನಗಿಯಿಂದ ಹೊರಗಿಟ್ಟರು. ಡಿಬಿ48ಎಕ್ಸ್ ಎಂಬ ಕ್ಯಾಲ್ಕುಲೇಟರ್ ಸಾಫ್ಟ್‌ವೇರಿನವರು ಕೂಡ ಅಂಥದೇ ಸೂಚನೆ ಹಾಕಿದರು. ಯಾರಿಗೂ ಭೇದವಿಲ್ಲದೆ ಬಡಿಸುವುದೇ ವ್ರತವಾಗಿದ್ದ ಪಂಕ್ತಿಯಲ್ಲಿ ಒಂದು ಊರಿನವರನ್ನು ಎಬ್ಬಿಸಿ ಕಳಿಸಲಾಯಿತು, ಅದೂ ಲಾಗರಿದಮ್ ಲೆಕ್ಕ ಹಾಕುವ ಯಂತ್ರದ ಮುಂದಿನಿಂದ.

ಲಿನಕ್ಸ್ ಯಂತ್ರದೊಳಗೆ ಮನುಷ್ಯರಿಗಿಂತ ಇತರ ನಿವಾಸಿಗಳೇ ಹೆಚ್ಚು, ಅಂದರೆ ಯಂತ್ರ ತನ್ನ ಕೆಲಸಕ್ಕೆಂದು ತಾನೇ ತೆರೆದಿಟ್ಟುಕೊಂಡ ಖಾತೆಗಳು: ರೂಟ್, ಡೀಮನ್, ಗೇಮ್ಸ್, ಮತ್ತೆ 65534 ಎಂಬ ಸಂಖ್ಯೆ ಹೊತ್ತ ‘ನೋಬಡಿ’, ಅಂದರೆ ‘ಯಾರೂ ಅಲ್ಲ’. ಈತ ಎಂದು ಹುಟ್ಟಿದ, ಈತನ ಪೋಷಕರು ಯಾರು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ. ಆದರೆ ಅದರ ವ್ಯಾಖ್ಯೆಗಳ ಪಟ್ಟಿಯಲ್ಲಿ ‘ಬಳಕೆದಾರ’ ಎಂದರೆ ಸಾಧನವನ್ನು ಮುಖ್ಯವಾಗಿ ಬಳಸುವ ಮಗು ಎಂದಿದೆ. ಬಳಕೆದಾರರೆಲ್ಲ ಮಕ್ಕಳು ಎಂಬುದನ್ನು ಸಿಸ್ಟಂ ಅಡ್ಮಿನ್‌ಗಳು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಶಾಸನಸಭೆ ಈಗ ಅದಕ್ಕೆ ಮುದ್ರೆ ಒತ್ತಿದೆ.

ಈ ಕಾನೂನನ್ನು ಸ್ವಾಗತಿಸಿದವರಲ್ಲಿ ಗೂಗಲ್ ಮತ್ತು ಮೆಟಾ ಇದ್ದರು. ಇಲ್ಲಿಗೆ ಬಂದಾಗ ನನ್ನ ಹಾಸ್ಯ ಒಣಗುತ್ತದೆ. ಮಗುವಿನ ಬೆರಳು ಪರದೆಯಿಂದ ಏಳದಂತೆ ಮುಗಿಯದ ಫೀಡ್ ಕಟ್ಟಿದವರು, ನಡುರಾತ್ರಿ ನೋಟಿಫಿಕೇಷನ್ ಕಳಿಸುವವರು, ಅದರಿಂದ ದುಡ್ಡು ಮಾಡುವವರು, ‘ಹೌದು ಹೌದು, ಕಂಪ್ಯೂಟರೇ ವಯಸ್ಸು ಕೇಳಲಿ’ ಎನ್ನುತ್ತಾರೆ. ವಯಸ್ಸಿನ ಪಂಕ್ತಿಯ ಸಂಕೇತ ಸಿಕ್ಕ ಮೇಲೆ ಮಗುವಿನ ವಯಸ್ಸು ಗೊತ್ತಿರಲಿಲ್ಲ ಎಂದು ಆ್ಯಪ್‌ನವರು ಹೇಳುವಂತಿಲ್ಲ, ನಿಜ. ಆದರೆ ಫೀಡ್ ಹಾಗೆಯೇ ಇರುತ್ತದೆ. ಅದನ್ನು ನಿಲ್ಲಿಸಿ ಎಂದು ಈ ಕಾನೂನಿನ ಒಂದು ಸಾಲೂ ಹೇಳುವುದಿಲ್ಲ. ಹಗಲು ನೌಕರಿ ಮಾಡಿ ರಾತ್ರಿ ಯಾರದೋ ಪ್ರಿಂಟರಿಗೆ ಡ್ರೈವರ್ ಬರೆದುಕೊಡುವವನು ಮಾತ್ರ ಇನ್ನು ಮುಂದೆ ಲೋಕದ ಮಕ್ಕಳಿಗೆಲ್ಲ ಕಾವಲುಗಾರ. ಸಾಕಾಗಿದೆ.

ಸಹಿ ಮಾಡುವಾಗಲೇ ಗವರ್ನರ್ ಒಂದು ಚೀಟಿ ಲಗತ್ತಿಸಿದ್ದರು: ಮನೆಮಂದಿಯೆಲ್ಲ ಹಂಚಿಕೊಳ್ಳುವ ಖಾತೆಗಳ ತೊಡಕನ್ನು ಜಾರಿಗೆ ಮುನ್ನ ಸರಿಪಡಿಸಿ ಎಂದು. ಕಟ್ಟಡ ಉದ್ಘಾಟನೆಯ ದಿನವೇ ರಿಪೇರಿಯ ಟೆಂಡರ್ ಕರೆಯುವ ಈ ಪದ್ಧತಿ ನಮ್ಮದೇ ಎಂದು ತಿಳಿದಿದ್ದೆ. ಅಂದ ಹಾಗೆ, ಮಗಳು ತನ್ನ ಹೊಸ ಖಾತೆಯ ಪಾಸ್‌ವರ್ಡನ್ನು ಎರಡೇ ದಿನದಲ್ಲಿ ಮರೆತು, ಈಗ ಮನೆಯಲ್ಲಿ ಎಲ್ಲರೂ ನನ್ನ ಖಾತೆಯನ್ನೇ ಬಳಸುತ್ತಿದ್ದೇವೆ. ಅಮ್ಮನಿಗೆ 74, ಅವರದೂ ಜೂನ್ 1. ನನಗೆ 46, ಮಗಳಿಗೆ 11. ಕೂಡಿಸಿ ಮೂರರಿಂದ ಭಾಗಿಸಿದರೆ 43 ವರ್ಷ 8 ತಿಂಗಳು, ಅಂದರೆ ನಾಲ್ಕನೆಯ ಪಂಕ್ತಿ.