ಸಪ್ತಾಪುರದ ಖೋಲಿ, ಶಿಕಾಗೋದ ನಕಾಶೆ

ಅಮೆರಿಕಕ್ಕೆ ಓದಲು ಬರುವ ನಮ್ಮ ಹುಡುಗರಿಗೆ ಜನಾಂಗಭೇದ ಅಂದರೆ ಯಾರೋ ಬಿಳಿಯ ಬೈದ, ಕೆಕ್ಕರಿಸಿ ನೋಡಿದ, ಅಷ್ಟೇ. ಬೈದವನು ಕೆಟ್ಟವ, ಬೈಯದವನು ಒಳ್ಳೆಯವ. ಶಿಕಾಗೋದ ಯುನಿವರ್ಸಿಟಿಯೊಂದರಲ್ಲಿ ಕೆಲಸ ಮಾಡುವ ನಾನು ಇಂಥವರನ್ನು ವರ್ಷಾವರ್ಷ ನೋಡುತ್ತೇನೆ. ಈ ವಿಷಯವನ್ನು ಒಂದು ಸೆಮಿಸ್ಟರ್ ಕೂತು ಓದಿದವರು ಮಾತ್ರ ಬೈಗುಳದ ಮಾತು ಬಿಟ್ಟು ಬ್ಯಾಂಕಿನ ಕಾಗದಪತ್ರ ಕೇಳಲು ಶುರು ಮಾಡುತ್ತಾರೆ.

1930ರ ದಶಕದಲ್ಲಿ ಇಲ್ಲಿನ ಸರ್ಕಾರಿ ಸಂಸ್ಥೆಯೊಂದು ಇನ್ನೂರಕ್ಕೂ ಹೆಚ್ಚು ನಗರಗಳ ನಕಾಶೆ ತಯಾರಿಸಿ ಓಣಿಗಳಿಗೆ ಬಣ್ಣ ಬಳಿಯಿತು. ಸಾಲಕ್ಕೆ ಲಾಯಕ್ಕಾದ ಓಣಿ ಹಸಿರು, ಅಪಾಯದ್ದು ಕೆಂಪು. ಕಪ್ಪು ಜನ ಇದ್ದ ಓಣಿ ಬಹುತೇಕ ಕೆಂಪೇ. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಕೂಡ ಅಂಥ ಕಡೆಯ ಗೃಹಸಾಲಕ್ಕೆ ಜಾಮೀನು ನಿಲ್ಲುತ್ತಿರಲಿಲ್ಲ. ಮನೆಯ ವಿಷಯದಲ್ಲಿ ಈ ಭೇದವನ್ನು ಕಾನೂನು ನಿಷೇಧಿಸುವಷ್ಟರಲ್ಲಿ 1968 ಬಂತು. ಆಗಲೇ ಬಿಳಿಯರ ಮನೆಗಳ ಬೆಲೆ ಏರಿ ಮಕ್ಕಳ ಓದಿಗೆ ದುಡ್ಡಾಗಿತ್ತು. ಉಳಿದವರು ಬಾಡಿಗೆ ಕಟ್ಟುತ್ತಲೇ ಇದ್ದರು. ಇದರಲ್ಲಿ ಬೈದವರು ಯಾರು? ಗುಮಾಸ್ತ ನಗುನಗುತ್ತಲೇ ಅರ್ಜಿ ವಾಪಸ್ ಕೊಟ್ಟಿರಬಹುದು.

‘ನಾವು ಕಷ್ಟಪಟ್ಟು ಮೇಲೆ ಬಂದಿಲ್ಲವೇ, ಅವರಿಗೇನು ಧಾಡಿ?’ ಅನ್ನುವುದು ಕಪ್ಪು ಜನರ ಬಗ್ಗೆ ನಮ್ಮವರ ಇನ್ನೊಂದು ಮಾತು. ಭಾರತೀಯರಿಗೆ ಬಾಗಿಲು ದೊಡ್ಡದಾಗಿ ತೆರೆದದ್ದು 1965ರ ವಲಸೆ ಕಾನೂನು, ಅದೂ ಓದಿದವರಿಗೆ ಆದ್ಯತೆ ಕೊಟ್ಟು. ಅದಕ್ಕೂ ಮೊದಲು ಅಮೆರಿಕದ ಸೈನ್ಯದಲ್ಲಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಪೌರತ್ವಕ್ಕಾಗಿ, ತಾನು ಮೇಲ್ಜಾತಿಯ ಆರ್ಯ, ಹಾಗಾಗಿ ಬಿಳಿಯ ಎಂದು ವಾದ ಹೂಡಿದ್ದರು. 1923ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಜಾತಿ ತೋರಿಸಿ ಬಿಳಿಯರ ಸಾಲಿನಲ್ಲಿ ನಿಲ್ಲಲು ಹೋದ ಈ ಕಥೆ ಓದುವಾಗ ನಮ್ಮ ಹುಡುಗರ ಮುಖ ನೋಡಬೇಕು.

ಈಗ ಧಾರವಾಡಕ್ಕೆ ಬರುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಹುಡುಗರು ಸಪ್ತಾಪುರದಲ್ಲಿ ಖೋಲಿ ಹುಡುಕುತ್ತ ಅಲೆಯುತ್ತಾರೆ. ಊರಿಗೆ ಹೋದಾಗ ಹಾವೇರಿಯ ಗೆಳೆಯನ ಮಗನ ಜೊತೆ ನಾನೂ ತಿರುಗಿದೆ. ಒಂದು ಮನೆಯ ಅಮ್ಮನವರು ‘ಬರ್ರಿ, ಕುಂದರ್ರಿ’ ಅಂತ ನೀರು ಕೊಟ್ಟರು. ‘ಅಡ್ಡಹೆಸ್ರು ಏನೋ ತಮ್ಮಾ?’ ಹುಡುಗ ಹೇಳಿದ. ‘ಅಯ್ಯ, ಖೋಲಿ ನಿನ್ನೇನ ಹೋತಲ್ಲೋ. ಚಾ ಕುಡದ ಹೋಗ್ರಿ.’ ಗೇಟಿನ ಮೇಲಿನ ‘ಬಾಡಿಗೆಗೆ ಇದೆ’ ರಟ್ಟು ಮರುದಿನವೂ ಅಲ್ಲೇ ಇತ್ತು. ಹುಡುಗನಿಗೇನೂ ಆಶ್ಚರ್ಯವಿಲ್ಲ: ‘ಇದು ಇದ್ದದ್ದರಿ ಕಾಕಾ, ಮುಂದಿನ ಓಣಿ ನೋಡೂಣು ಬರ್ರಿ.’

ಜಾತಿ, ಜನಾಂಗ ಎರಡೂ ಒಂದೇ ಅನ್ನುತ್ತಿಲ್ಲ. ಅಲ್ಲಿ ಚರ್ಮ ನೋಡಿದರೆ ಸಾಕು, ಇಲ್ಲಿ ಅಡ್ಡಹೆಸರು ಕೇಳಬೇಕು. ಎರಡನ್ನೂ ಒಟ್ಟಿಗೆ ಅನುಭವಿಸುವವರು ಪಕ್ಕದ ಕಲಘಟಗಿ ತಾಲೂಕಿನಲ್ಲೇ ಇದ್ದಾರೆ. ಆಫ್ರಿಕಾ ಮೂಲದ ಸಿದ್ದಿಗಳು ಇಲ್ಲಿ ತಲೆತಲಾಂತರದಿಂದ ಬಾಳಿದವರು; ಹುಬ್ಬಳ್ಳಿ ಬಸ್ಸಿನಲ್ಲಿ ‘ನಿಮ್ಮದು ಯಾವ ದೇಶ?’ ಅನ್ನಿಸಿಕೊಳ್ಳುತ್ತಾರೆ.

2023ರಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿಭೇದ ನಿಷೇಧಿಸಿದಾಗ, ಆಫೀಸಿನ ವರ್ಣಭೇದದ ಬಗ್ಗೆ ಗೊಣಗುವ ನಮ್ಮವರೇ ಹಲವರು ಸಿಟ್ಟಾದರು. ‘ಅದನ್ನೆಲ್ಲ ಊರಾಗ ಬಿಟ್ಟು ಬಂದೇವಿ’ ಅಂದರು. ವಧು-ವರರ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಒಳಪಂಗಡ ಮೊದಲ ಸಾಲಿನಲ್ಲೇ ಇರುತ್ತದೆ.

ಧಾರವಾಡದಲ್ಲಿ ಸಮಾಜಶಾಸ್ತ್ರ ಓದುವವರಿಗೆ ಮಾಸ್ತರರು ಒಂದು ಕೆಲಸ ಕೊಡಬಹುದು. ಓದು, ಮುಂಗಡದ ಹಣ ಎಲ್ಲ ಒಂದೇ, ಅಡ್ಡಹೆಸರು ಮಾತ್ರ ಬೇರೆ ಇರುವ ಇಬ್ಬರು ಅದೇ ಖೋಲಿ ಕೇಳಿಕೊಂಡು ಹೋಗಲಿ. ಉತ್ತರವನ್ನು ಸಪ್ತಾಪುರದ ನಕಾಶೆಯ ಮೇಲೆ ಗುರುತು ಹಾಕಲಿ. ಅಮೆರಿಕದಲ್ಲಿ ಈ ಉಪಾಯ ಹಳೆಯದು. ಹಾಗೆ ಪರೀಕ್ಷೆಗೆಂದೇ ಹೋಗಿ, ಮನೆ ಖಾಲಿ ಇಲ್ಲವೆಂಬ ಸುಳ್ಳು ಕೇಳಿಸಿಕೊಂಡ ಕಪ್ಪು ಮಹಿಳೆಗೆ ದಾವೆ ಹೂಡುವ ಹಕ್ಕಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟು 1982ರಲ್ಲಿ ಹೇಳಿತು. ಅವರಿಗೆ ನಿಜಕ್ಕೂ ಮನೆ ಬೇಕಿತ್ತೋ ಇಲ್ಲವೋ ಎಂಬುದು ಅಡ್ಡ ಬರಲಿಲ್ಲ.