ಭಾರತಕ್ಕೆ ಮೂರನೇ ವಿಮಾನವಾಹಕ ನೌಕೆ ಬೇಕೇ?

ಪರ: ಎರಡು ಸಾಲದು

ಕಾರವಾರದ ಕದಂಬ ನೌಕಾನೆಲೆ ನಮ್ಮ ಎರಡು ವಿಮಾನವಾಹಕಗಳಲ್ಲೊಂದಾದ ಐಎನ್‌ಎಸ್ ವಿಕ್ರಮಾದಿತ್ಯದ ತವರು. ದುರಸ್ತಿಗೆಂದು ಹಡಗನ್ನು ನೀರಿನಿಂದ ಮೇಲೆತ್ತುವ ಇಲ್ಲಿಯ ಶಿಪ್ ಲಿಫ್ಟ್ ಎತ್ತಬಲ್ಲದ್ದು 10,000 ಟನ್. ವಿಕ್ರಮಾದಿತ್ಯದ ತೂಕ ಸುಮಾರು 44,500 ಟನ್. ಆದ್ದರಿಂದ ದೊಡ್ಡ ದುರಸ್ತಿಗೆ ಅದು ಕೊಚ್ಚಿಗೆ ಹೋಗಬೇಕು, ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಆಗ ಎರಡೂ ಕರಾವಳಿಗಳ ಹೊಣೆ 2022ರಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ಒಂದರ ಮೇಲೆಯೇ ಬೀಳುತ್ತದೆ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು, ದುರಸ್ತಿಯಲ್ಲೊಂದು ಎಂಬ ನೌಕಾಪಡೆಯ ಲೆಕ್ಕದಲ್ಲಿ ಆಡಂಬರವೇನೂ ಇಲ್ಲ.

ಎದುರಾಳಿಯಂತೂ ಕಾಯುತ್ತ ಕುಳಿತಿಲ್ಲ. ಚೀನಾ 2017ರಲ್ಲಿ ಜಿಬೂಟಿಯಲ್ಲಿ ಸೇನಾನೆಲೆ ತೆರೆಯಿತು. ಅದೇ ವರ್ಷ ಶ್ರೀಲಂಕಾದ ಹಂಬನ್‌ತೋಟ ಬಂದರು 99 ವರ್ಷಗಳ ಗುತ್ತಿಗೆಯ ಮೇಲೆ ಚೀನೀ ಕಂಪನಿಯ ಕೈಸೇರಿತು. 2025ರ ನವೆಂಬರ್‌ನಲ್ಲಿ ಫುಜಿಯಾನ್ ನೌಕೆ ಸೇರ್ಪಡೆಯಾದಾಗ ಚೀನಾದ ವಿಮಾನವಾಹಕಗಳು ಮೂರಾದವು. ಅವು ಇಂದು ಪೆಸಿಫಿಕ್‌ನಲ್ಲೇ ಇವೆ, ನಿಜ. ಆದರೆ 2009ರಲ್ಲಿ ಕೀಲ್ (ಹಡಗಿನ ತಳದ ತೊಲೆ) ಹಾಕಿದ ವಿಕ್ರಾಂತ್ ಕಡಲಿಗೆ ಸಿದ್ಧವಾಗಲು ಹದಿಮೂರು ವರ್ಷ ಹಿಡಿಯಿತು. ಚೀನಾದ ನೌಕೆಗಳು ಹಿಂದೂ ಮಹಾಸಾಗರಕ್ಕೆ ಇಳಿದ ಮೇಲೆ ನಾವು ಆದೇಶ ಕೊಟ್ಟರೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾದೀತು. 1971ರಲ್ಲಿ ಹಳೆಯ ವಿಕ್ರಾಂತ್‌ನ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ದಾಳಿ ಮಾಡಿ ಪೂರ್ವ ಪಾಕಿಸ್ತಾನದ ಸಮುದ್ರದಾರಿ ಮುಚ್ಚಿದ್ದು ಇಂಥ ಹಡಗು ಮೊದಲೇ ಕೈಯಲ್ಲಿದ್ದುದರಿಂದ.

ವಿರೋಧ: ಹಣ ಸಾಗರದ ಕೆಳಗೆ ಹೋಗಲಿ

ಅದೇ 1971ರ ಇನ್ನೊಂದು ಮುಖ ಕಾರವಾರದ ಟಾಗೋರ್ ಕಡಲತೀರದಲ್ಲಿ, ಹೆದ್ದಾರಿಯ ಪಕ್ಕದಲ್ಲೇ ಇದೆ. ಅಲ್ಲಿ ವಸ್ತುಸಂಗ್ರಹಾಲಯವಾಗಿರುವ ಕ್ಷಿಪಣಿ ದೋಣಿ ಐಎನ್‌ಎಸ್ ಚಪಲ್‌ನ ಡೆಕ್‌ ಮೇಲೆ ನಾಲ್ಕು ಕ್ಷಿಪಣಿ ಗೂಡುಗಳನ್ನು ಬಿಟ್ಟರೆ ಹೆಚ್ಚು ಜಾಗವೇ ಇಲ್ಲ. ಈ ಜಾತಿಯ ಹಿಂದಿನ ಪುಟ್ಟ ದೋಣಿಗಳೇ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದವು. ಹಳೆಯ ವಿಕ್ರಾಂತ್ ಆಗ ಬಂಗಾಳ ಕೊಲ್ಲಿಯಲ್ಲಿತ್ತು: ಬಾಯ್ಲರ್‌ನಲ್ಲಿ ಬಿರುಕು, ಪಶ್ಚಿಮದಲ್ಲಿ ಜಲಾಂತರ್ಗಾಮಿಗಳ ಭಯ. ಆ ಭಯ ಸುಳ್ಳಾಗಿರಲಿಲ್ಲ. ಡಿಸೆಂಬರ್ 9ರಂದು ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಯುದ್ಧನೌಕೆ ಖುಕ್ರಿಯನ್ನು ಮುಳುಗಿಸಿತು.

ಇಂದು ಅಪಾಯ ಇನ್ನೂ ದೂರದಿಂದ ಬರುತ್ತದೆ. 2022ರ ಏಪ್ರಿಲ್‌ನಲ್ಲಿ ಉಕ್ರೇನ್ ದಡದಿಂದ ಹಾರಿಸಿದ ಕ್ಷಿಪಣಿಗಳು ರಷ್ಯಾದ ಕಪ್ಪು ಸಮುದ್ರ ಪಡೆಯ ಮುಖ್ಯ ನೌಕೆ ಮೊಸ್ಕ್ವಾವನ್ನು ಮುಳುಗಿಸಿದವು. ಹಡಗುಗಳನ್ನೇ ಗುರಿಯಾಗಿಸುವ ಡಿಎಫ್-21ಡಿ ಕ್ಷಿಪಣಿ ಚೀನಾದ ಬಳಿಯಿದೆ. ಖರ್ಚಿನ ಮಾತು ಬೇರೆ: ವಿಕ್ರಾಂತ್‌ಗೆ ತಗಲಿದ್ದು ಸುಮಾರು 20,000 ಕೋಟಿ ರೂಪಾಯಿ, ನೌಕಾಪಡೆಗೆಂದು 2025ರಲ್ಲಿ ಒಪ್ಪಂದವಾದ 26 ರಫೇಲ್‌ಗಳಿಗೆ ಸುಮಾರು 63,000 ಕೋಟಿ. ಹಡಗಿಗಿಂತ ವಿಮಾನಗಳೇ ದುಬಾರಿ, ಮತ್ತು ಬೆಂಗಾವಲು ನೌಕೆಗಳು ಈ ಲೆಕ್ಕಕ್ಕೆ ಸೇರಿಲ್ಲ.

ಚೀನಾ ಆಮದು ಮಾಡುವ ತೈಲದ ಹೆಚ್ಚಿನ ಪಾಲು ಬರುವುದು ಮಲಕ್ಕಾ ಜಲಸಂಧಿಯ ಮೂಲಕ. ಅದರ ಪಶ್ಚಿಮ ಬಾಗಿಲ ಬಳಿಯೇ ನಮ್ಮ ಗ್ರೇಟ್ ನಿಕೋಬಾರ್ ಇದೆ, ಅಲ್ಲಿ ಬಾಜ್ ನೌಕಾ ವಾಯುನೆಲೆಯೂ ಇದೆ. ಬಾಂಬ್ ಬಿದ್ದ ರನ್‌ವೇಯನ್ನು ಮತ್ತೆ ತುಂಬಿ ಬಳಸಬಹುದು. ಕಲ್ವರಿ ವರ್ಗದ ಆರನೆಯ ಜಲಾಂತರ್ಗಾಮಿ ವಾಗ್‌ಶೀರ್ 2025ರ ಜನವರಿಯಲ್ಲಿ ಸೇರ್ಪಡೆಯಾಯಿತು. ಅದರ ಮುಂದಿನ ಸರಣಿಯ ಯೋಜನೆ ವರ್ಷಗಟ್ಟಲೆ ಎಳೆದಾಡಿದೆ. ಹಣದ ಮೊದಲ ಕಂತು ಅಲ್ಲಿಗೆ ಹೋಗಬೇಕು, ಎರಡನೆಯದು ನಿಕೋಬಾರ್‌ನ ರನ್‌ವೇಗೆ.